ಒಂದನೇ ನಂಬರ್ ಜೆರ್ಸಿಯ ಕಂಕುಳು

ಊರಿನ ಅರ್ಧದಷ್ಟು ಗಂಡಸರ ಸೊಂಟದ ಅಳತೆ ಬಾಯಿಪಾಠವಿದ್ದ ಟೈಲರ್‌ಗೆ ತನ್ನ ಸೊಂಟದ್ದು ಮಾತ್ರ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದಕ್ಕಿಂತ, ಗೊತ್ತು ಮಾಡಿಕೊಳ್ಳಲು ಹೋಗಿರಲಿಲ್ಲ ಎಂದರೆ ಸರಿ. ಹದಿನಾರು ವರ್ಷದ ಹಿಂದೆ ಅಂಗಡಿ ತೆರೆದ ದಿನ, ಅಳತೆ ಪುಸ್ತಕದ ಮೊದಲನೇ ಪುಟ ಖಾಲಿ ಬಿಡಬಾರದೆಂದು ತನ್ನದೇ ಅಳತೆ ಬರೆದುಕೊಂಡಿದ್ದ: ಎದೆ ಮೂವತ್ತೆಂಟು, ಸೊಂಟ ಮೂವತ್ತೆರಡು. ಅಂದಿನಿಂದ ಇಂದಿನವರೆಗೆ ಆ ಪುಟದಲ್ಲಿ ಅವನು ಒಂದಿಂಚೂ ದಪ್ಪಗಾಗಿಲ್ಲ. ತನಗೆ ಬಟ್ಟೆ ಕತ್ತರಿಸುವಾಗ ಮಾತ್ರ, "ಈಗಿನ ಬಟ್ಟೆ ಒಗೆದ್ರೆ ಕುಗ್ಗುತ್ತೆ" ಎಂದು ಗೊಣಗಿಕೊಂಡು ಹತ್ತಿಂಚು ಹೆಚ್ಚಿಗೆ ಬಿಡುತ್ತಿದ್ದ. ಆ ಬಟ್ಟೆಗಳು ಎಷ್ಟು ಒಗೆದರೂ ಕುಗ್ಗಲಿಲ್ಲ. ಆದರೂ ಅವನ ಮೈಗೆ ಸರಿಯಾಗಿಯೇ ಕೂತವು. ಇದು ಹೇಗೆ ಎಂದು ಅವನು ತಲೆ ಕೆಡಿಸಿಕೊಳ್ಳಲಿಲ್ಲ.

ಫುಟ್‌ಬಾಲ್ ವಿಷಯದಲ್ಲೂ ಅವನ ಲೆಕ್ಕ ಇದೇ ರೀತಿಯದು. ಬಡಾವಣೆಯ ಭಾನುವಾರದ ತಂಡಕ್ಕೆ ಹನ್ನೊಂದು ವರ್ಷದಿಂದ ಅವನೇ ಗೋಲ್‌ಕೀಪರ್. ತಂಡದಲ್ಲಿ ಅವನಿಗೆ 'ಗೋಡೆ' ಎಂದು ಹೆಸರು. ಹೆಸರಿಟ್ಟವನೂ ಅವನೇ, ಎರಡು ವರ್ಷ ಬಿಡದೆ ಹೇಳಿಕೊಂಡ ಮೇಲೆ ಉಳಿದವರಿಗೂ ಅಭ್ಯಾಸವಾಯಿತು. ಎಷ್ಟು ಮ್ಯಾಚ್ ಆಡಿದ್ದೀರಿ ಎಂದು ಯಾರಾದರೂ ಕೇಳಿದರೆ, ಕೇಳದಿದ್ದರೂ, "ನೂರೈವತ್ತು ದಾಟಿರ್ಬೇಕು" ಎನ್ನುತ್ತಿದ್ದ. ಎದುರು ತಂಡ ಬಾರದೆ ರದ್ದಾದವು, ಮಳೆ ಬಂದು ನಿಂತವು ಎಲ್ಲವೂ ಅದರಲ್ಲಿ ಸೇರಿದ್ದವು. ಜ್ವರ ಬಂದು ಮನೆಯಲ್ಲಿ ಮಲಗಿದ್ದ ಎರಡು ಮ್ಯಾಚುಗಳನ್ನೂ ಸೇರಿಸಿಕೊಂಡಿದ್ದ. ಮನಸ್ಸೆಲ್ಲ ಮೈದಾನದಲ್ಲೇ ಇತ್ತು ಎಂಬುದು ಅವನ ಸಮರ್ಥನೆ.

ಆ ತಂಡದಲ್ಲೊಂದು ಪದ್ಧತಿಯಿತ್ತು. ನೂರನೇ ಮ್ಯಾಚ್ ಆಡುವವನಿಗೆ ಸುಳಿವು ಕೊಡದೆ ಹೊಸ ಜೆರ್ಸಿ ಹೊಲಿಸಿ, ಮ್ಯಾಚಿನ ದಿನ ಡ್ರೆಸ್ಸಿಂಗ್ ರೂಮಿನಲ್ಲಿ ತೊಡಿಸುವುದು. ಹಳೆಯದನ್ನು ಅಲ್ಲೇ ಹರಿದು, ಒಬ್ಬೊಬ್ಬರು ಒಂದೊಂದು ಚೂರನ್ನು ಮುಂಗೈಗೆ ಕಟ್ಟಿಕೊಂಡು ಆಡುವುದು. ಇದುವರೆಗೆ ಈ ಗೌರವ ಪಡೆದವರು ಇಬ್ಬರು: ಕ್ಯಾಪ್ಟನ್ ಆಗಿದ್ದ ಪ್ಲಂಬರ್, ಮತ್ತು ಟೈಲರ್‌ನ ಹೆಂಡತಿಯ ತಮ್ಮ. ಎರಡೂ ಜೆರ್ಸಿ ಹೊಲಿದುಕೊಟ್ಟವನು ಟೈಲರೇ. ಅವನ ಲೆಕ್ಕದ ಪ್ರಕಾರ ಅವನ ನೂರನೆಯದು ಆಗಿಹೋಗಿ ನಾಲ್ಕು ವರ್ಷವಾಗಿತ್ತು. ಆ ಭಾನುವಾರ ಅವನು ಹೊಸ ಬನಿಯನ್ ಹಾಕಿಕೊಂಡು, ಮೀಸೆ ತಿದ್ದಿಕೊಂಡು, ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದ. ಯಾರೂ ಏನೂ ಕೊಡಲಿಲ್ಲ. ಪ್ಲಂಬರ್ ಮಾತ್ರ, "ಏನೋ ಗೋಡೆ, ಇಷ್ಟು ಬೇಗ ಬಂದಿದೀಯ, ಮನೇಲಿ ನಲ್ಲಿ ಏನಾದ್ರೂ ಸೋರ್ತಿದ್ಯಾ?" ಎಂದು ವಿಚಾರಿಸಿದ್ದ. ಆ ನೋವನ್ನು ಟೈಲರ್ ನುಂಗಿಕೊಂಡ, ಆದರೆ ಅರಗಿಸಿಕೊಳ್ಳಲಿಲ್ಲ.

ಹೀಗಿರುವಾಗ ಊರಿಗೆ ಸಲೂನಿನವನು ಬಂದ.

ಎಲ್ಲಿಂದಲೋ ಒಬ್ಬನೇ ಬಂದು, ಬಸ್ ನಿಲ್ದಾಣದ ಎದುರು ಎರಡು ಕುರ್ಚಿ, ಮೂರು ಕನ್ನಡಿ ಹಾಕಿಕೊಂಡು ಸಲೂನ್ ತೆರೆದಿದ್ದ. ಯಾವಾಗಲೂ ಮಂಡಿಯವರೆಗಿನ ಸಡಿಲವಾದ ಬಿಳಿ ಕೋಟು. ಮಾತಿಗೆ ಮುಂಚೆ ನಗು. ಪ್ಲಂಬರ್ ಒಂದು ದಿನ ಅಲ್ಲಿ ಗಡ್ಡ ಮಾಡಿಸಿಕೊಂಡು ಬಂದವನು, "ಪಾಪ, ಊರಲ್ಲಿ ಯಾರೂ ಪರಿಚಯ ಇಲ್ವಂತೆ, ಭಾನುವಾರ ಆಡೋಕೆ ಬನ್ನಿ ಅಂತ ಹೇಳಿದೀನಿ" ಎಂದ. ಟೈಲರ್‌ಗೂ ಆಗ ಪಾಪ ಅನ್ನಿಸಿತು. ಅದೇ ಕೊನೆ.

ತಂಡದ ಡ್ರೆಸ್ಸಿಂಗ್ ರೂಮ್ ಎಂದರೆ ಟೈರ್ ರಿಪೇರಿ ಅಂಗಡಿಯ ಹಿಂದಿನ ಗೋಡೌನು. ಎರಡು ಡ್ರಮ್ಮಿನ ಮೇಲೆ ಒಂದು ಹಲಗೆ, ಅದೇ ಬೆಂಚು. ರಬ್ಬರಿನ ವಾಸನೆ, ಅದರ ಮೇಲೆ ನೋವಿನ ಮುಲಾಮಿನ ವಾಸನೆ, ಅವೆರಡನ್ನೂ ಮೀರಿಸುವ ಕಾಲುಚೀಲದ ವಾಸನೆ. ಗೋಡೆಗೆ ಹನ್ನೊಂದು ಮೊಳೆ. ಯಾವ ಮೊಳೆ ಯಾರದು ಎಂದು ಎಲ್ಲೂ ಬರೆದಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಕಿಟಕಿ ಪಕ್ಕದ್ದು, ಗಾಳಿ ಬರುವುದು, ಟೈಲರ್‌ದು. ಆ ಭಾನುವಾರ ಅವನು ಒಳಗೆ ಕಾಲಿಟ್ಟಾಗ ಆ ಮೊಳೆಯ ಮೇಲೆ ಒಂದು ನೀಲಿ ಚೀಲ ಹಾಯಾಗಿ ನೇತಾಡುತ್ತಿತ್ತು. ಅದರ ಕೆಳಗೆ ಸಲೂನಿನವನು ಟೈಲರ್‌ನ ಭಾವಮೈದನ ಕುತ್ತಿಗೆ ನೀವುತ್ತಾ ಏನೋ ಹೇಳುತ್ತಿದ್ದ. ತಂಡಕ್ಕೆ ತಂಡವೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

"ಬನ್ನಿ ಭಾವ, ನೀವೂ ಒಂದ್ಸಲ ಕುತ್ತಿಗೆ ಒತ್ತಿಸ್ಕೊಳ್ಳಿ, ಸ್ವರ್ಗ!" ಎಂದ ಭಾವಮೈದ, ಕಣ್ಣೂ ತೆರೆಯದೆ.

"ನನ್ನ ಕುತ್ತಿಗೆ ಚೆನ್ನಾಗಿದೆ" ಎಂದ ಟೈಲರ್.

ಅಂದಿನ ಅಭ್ಯಾಸದಲ್ಲಿ ಇನ್ನೂ ದೊಡ್ಡ ಅನಾಹುತ ನಡೆಯಿತು. ಟೈಲರ್ ಬೂಟಿನ ಲೇಸು ಕಟ್ಟಿಕೊಳ್ಳುತ್ತಾ ಗೋಲ್ ಪೋಸ್ಟಿನ ಪಕ್ಕದಲ್ಲೇ ಬಗ್ಗಿ ಕೂತಿದ್ದ. ಅಷ್ಟರಲ್ಲಿ ಯಾರೋ ಸಲೂನಿನವನನ್ನು ಗೋಲಿನಲ್ಲಿ ನಿಲ್ಲಿಸಿದರು. ಪ್ಲಂಬರ್ ಮೂರು ಪೆನಾಲ್ಟಿ ಹೊಡೆದ. ಮೂರನ್ನೂ ಅವನು ಹಿಡಿದುಬಿಟ್ಟ. ಟೈಲರ್ ಲೇಸು ಕಟ್ಟಿ ತಲೆಯೆತ್ತುವಷ್ಟರಲ್ಲಿ ಚಪ್ಪಾಳೆ ಮುಗಿಯುತ್ತಾ ಬಂದಿತ್ತು.

"ಎಲ್ಲಿ ಕಲಿತ್ರಿ ಸ್ವಾಮೀ ಇದನ್ನೆಲ್ಲ?" ಪ್ಲಂಬರ್ ಕೇಳಿದ.

"ಕಲಿಯೋದೇನು ಬಂತು, ಚೆಂಡು ಮುಖಕ್ಕೆ ಬಡಿಯುತ್ತೆ ಅಂತ ಹೆದರಿ ಕೈ ಅಡ್ಡ ಇಟ್ಟೆ."

ಎಲ್ಲರೂ ಮತ್ತೆ ನಕ್ಕರು. ಟೈಲರ್ ನಗಲಿಲ್ಲ. ಹನ್ನೊಂದು ವರ್ಷದಲ್ಲಿ ಅವನು ಚೆಂಡು ಹಿಡಿದಾಗಲೆಲ್ಲ ತಾನೇ ಬಾಯಿಬಿಟ್ಟು ಹೊಗಳಿಕೊಳ್ಳಬೇಕಾಗಿ ಬಂದಿತ್ತು. ಇವನು ನೋಡಿದರೆ ತಾನು ಹೆದರಿದೆ ಎನ್ನುತ್ತಾನೆ, ಜನ ಹೊಗಳುತ್ತಾರೆ. ಇದಕ್ಕಿಂತ ಕಿಲಾಡಿತನ ಇನ್ನೇನಿದೆ?

ಮನೆಗೆ ಬಂದು ಹೆಂಡತಿಗೆ ಹೇಳಿಕೊಂಡ. ಅವಳು ಒಣಗಿದ ಬಟ್ಟೆ ಮಡಚುತ್ತಾ ಕೇಳಿದಳು.

"ಪಾಪ, ಹೊಸಬರು ಅಲ್ವೇನ್ರೀ. ಮೊಳೆ ನಿಮ್ಮದು ಅಂತ ಅವರಿಗೇನು ಗೊತ್ತು?"

"ಗೊತ್ತಿಲ್ಲದೆ ಏನು? ಹನ್ನೊಂದು ಮೊಳೇಲಿ ಗಾಳಿ ಬರೋ ಮೊಳೇನೇ ಹುಡುಕಿ ಹಾಕಿದಾನೆ. ಇವತ್ತು ಮೊಳೆ, ನಾಳೆ ಗೋಲು, ನಾಡಿದ್ದು ನನ್ನನ್ನ ಮೈದಾನದ ಗೆರೆ ಹತ್ರ ನೀರಿನ ಬಾಟ್ಲಿ ಕಾಯೋಕೆ ಕೂರಿಸ್ತಾರೆ."

"ಅವರು ಕೂದಲು ಕತ್ತರಿಸೋದು ತುಂಬಾ ಚೆನ್ನಾಗಿದೆಯಂತೆ. ನಮ್ಮ ತಮ್ಮ ಎಷ್ಟು ಲಕ್ಷಣವಾಗಿ ಕಾಣ್ತಿದಾನೆ ನೋಡಿ."

ಟೈಲರ್ ಅವತ್ತು ರಾತ್ರಿಯ ಊಟವನ್ನು ಎರಡು ತುತ್ತು ಕಡಿಮೆ ಉಂಡ. ತನ್ನ ಮನೆಯ ಒಳಗೇ ಅವನು ಕಾಲಿಟ್ಟಾಯಿತು ಎಂದು ಅವನಿಗೆ ಖಾತ್ರಿಯಾಯಿತು.

ಮುಂದಿನ ಭಾನುವಾರ ಅನುಮಾನ ಇನ್ನೂ ಬಲವಾಯಿತು. ಟೈಲರ್ ಗೋಡೌನಿಗೆ ಬಂದಾಗ ಪ್ಲಂಬರ್, ಭಾವಮೈದ, ಸಲೂನಿನವನು ಮತ್ತು ಪೋಸ್ಟಣ್ಣ ತಲೆಗೆ ತಲೆ ಕೊಟ್ಟು ಪಿಸುಗುಟ್ಟುತ್ತಿದ್ದರು. ಪೋಸ್ಟಣ್ಣ ಎಂದರೆ ನಿವೃತ್ತ ಪೋಸ್ಟ್‌ಮ್ಯಾನ್. ಆಡುವ ವಯಸ್ಸು ದಾಟಿದ ಮೇಲೆ ತಂಡದ ದಾಖಲೆ ಪುಸ್ತಕ ಬರೆಯುವ ಕೆಲಸ ಹಿಡಿದಿದ್ದ. ಯಾರು ಆಡಿದರು, ಯಾರು ಗೋಲು ಹೊಡೆದರು, ಯಾರು ಚೆಂಡು ಪಕ್ಕದ ಮನೆಯ ಹೆಂಚಿಗೆ ಹೊಡೆದರು, ಎಲ್ಲವೂ ಅದರಲ್ಲಿರುತ್ತಿತ್ತು. ಟೈಲರ್‌ನ ನೆರಳು ಬಿದ್ದ ತಕ್ಷಣ ಪೋಸ್ಟಣ್ಣ ಪುಸ್ತಕ ಮುಚ್ಚಿ ಅದರ ಮೇಲೆ ಕೂತುಬಿಟ್ಟ. ಪ್ಲಂಬರ್ ಛಾವಣಿ ನೋಡಿದ. ಭಾವಮೈದ, "ಇವತ್ತು ಬಿಸಿಲು ಚೆನ್ನಾಗಿದೆ ಅಲ್ವಾ ಭಾವ" ಎಂದ. ಹೊರಗೆ ಮೋಡ ಕವಿದಿತ್ತು.

ಶತ್ರುವಿನ ಬಲಾಬಲ ತಿಳಿಯದೆ ಯುದ್ಧಕ್ಕಿಳಿಯುವವನು ನಮ್ಮ ಟೈಲರ್ ಅಲ್ಲ. ಬುಧವಾರ ಮಧ್ಯಾಹ್ನ ಅಂಗಡಿಗೆ ಅರ್ಧ ಬಾಗಿಲು ಹಾಕಿ, ಗೂಢಚಾರನಂತೆ ಸಲೂನಿಗೆ ಹೋಗಿ ಕುರ್ಚಿಯಲ್ಲಿ ಕೂತ. ಮಾತಿಗೆ ಎಳೆದು ಗುಟ್ಟು ಬಿಡಿಸಬೇಕು ಎಂಬುದು ಯೋಜನೆ. ಸಲೂನಿನವನು ಕೂದಲು ಕತ್ತರಿಸಿ, ತಲೆಗೆ ಎಣ್ಣೆ ಹಾಕಿ, ಎರಡು ಹೆಬ್ಬೆರಳನ್ನು ಕತ್ತಿನ ಹಿಂದೆ ಇಟ್ಟು ಒತ್ತಿದ.

"ನಿಮಗೆ ಗೋಲ್‌ಕೀಪಿಂಗ್ ಮೇಲೆ ಯಾವಾಗಿನಿಂದ..." ಎಂದು ಟೈಲರ್ ಶುರು ಮಾಡಿದ. ಅದೇ ಅವನಿಗೆ ನೆನಪಿರುವ ಕೊನೆಯ ಮಾತು.

ಎಚ್ಚರವಾದಾಗ ಗೋಡೆಯ ಗಡಿಯಾರ ಮುಕ್ಕಾಲು ಗಂಟೆ ಮುಂದೆ ಹೋಗಿತ್ತು. ಸಲೂನಿನವನು ಉದ್ದನೆಯ ದಾರವೊಂದನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಚೀಟಿಯ ಮೇಲೆ ಏನೋ ಬರೆಯುತ್ತಿದ್ದ. ಬಾಗಿಲ ಹೊರಗೆ ಭಾವಮೈದನ ಚಪ್ಪಲಿಯಂಥ ಚಪ್ಪಲಿ ಮರೆಯಾಯಿತು. ಟೈಲರ್ ಬಾಯಿಯ ಪಕ್ಕದ ಜೊಲ್ಲು ಒರೆಸಿಕೊಂಡು, ಗಂಭೀರವಾಗಿ ಎದ್ದು ಹೊರಬಂದ. ಗುಟ್ಟೇನೂ ಸಿಗಲಿಲ್ಲ. ಕುತ್ತಿಗೆ ಮಾತ್ರ ಹದಿನಾರು ವರ್ಷದಲ್ಲಿ ಮೊದಲ ಸಲ ಎಡಕ್ಕೂ ಬಲಕ್ಕೂ ತಿರುಗುತ್ತಿತ್ತು. ಅದಕ್ಕೂ ಅವನಿಗೆ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಪ್ಲಂಬರ್ ಅಂಗಡಿಗೆ ಬಂದ. ಹಿಂದೆ ಮುಂದೆ ನೋಡಿ, ಒಂದು ಚೀಟಿಯನ್ನು ಮೇಜಿನ ಮೇಲೆ ಸರಿಸಿದ.

"ಒಂದು ಜೆರ್ಸಿ ಆಗ್ಬೇಕು. ಕೀಪರ್ ಜೆರ್ಸಿ. ಹಳದಿ. ಭಾನುವಾರದೊಳಗೆ."

"ನಂಬರ್?"

"ಒಂದು."

ಟೈಲರ್ ಕತ್ತರಿ ಕೆಳಗಿಟ್ಟ. "ಒಂದನೇ ನಂಬರ್ ನಂದು."

"ಹೌದಲ್ವಾ!" ಎಂದ ಪ್ಲಂಬರ್. ಅವನ ಮುಖ ನಗು ತಡೆಯಲಾರದೆ ಕೆಂಪಾಯಿತು. "ಯಾರಿಗೆ ಏನು ಅಂತ ಕೇಳ್ಬೇಡ ಕಣೋ, ಆಣೆ ಮಾಡಿದೀನಿ. ಚೆನ್ನಾಗಿ ಹೊಲಿ. ಮನಸ್ಸಿಟ್ಟು ಹೊಲಿ." ಮುಂದೆ ಮಾತಾಡಿದರೆ ಬಾಯಿ ಜಾರುತ್ತದೆಂದು ಓಡಿಯೇ ಹೋದ.

ಟೈಲರ್ ಚೀಟಿ ಬಿಡಿಸಿದ. ದುಂಡಗಿನ, ಅಚ್ಚುಕಟ್ಟಾದ, ಪರಿಚಯವಿಲ್ಲದ ಅಕ್ಷರ. ಎದೆ ನಲವತ್ತು. ಹೊಟ್ಟೆ ನಲವತ್ತೆರಡು.

ಇಪ್ಪತ್ತು ಹೆಜ್ಜೆ ದೂರದಲ್ಲಿ ಹೋಗುವವನ ಎದೆಯಳತೆಯನ್ನು ಅರ್ಧ ಇಂಚೂ ತಪ್ಪದೆ ಹೇಳಬಲ್ಲ ಮನುಷ್ಯ ಇವನು. ಸಲೂನಿನವನು ಬಡಕಲು ಎಂದು ಅವನ ಕಣ್ಣಿಗೆ ಗೊತ್ತಿರಬೇಕಿತ್ತು. ಆದರೆ ಹೊಟ್ಟೆಕಿಚ್ಚಿನವನ ಕೈಯಲ್ಲಿರುವ ಟೇಪು ಬೇರೆಯದೇ. "ನಲವತ್ತೆರಡು!" ಎಂದ ಅವನು, ಸಂತೋಷದಿಂದ. "ಅದಕ್ಕೇ ಆ ಸಡಿಲ ಕೋಟು! ಇಷ್ಟು ದೊಡ್ಡ ಹೊಟ್ಟೇನ ಒಳಗೆ ಬಚ್ಚಿಟ್ಕೊಂಡು ಊರೆಲ್ಲ ಓಡಾಡ್ತಿದಾನೆ!" ಜೆರ್ಸಿ ತನಗೇ ಇರಬಹುದು ಎಂದು ಟೈಲರ್‌ಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಅವನ ಸೊಂಟ ಮೂವತ್ತೆರಡು, ಪುಸ್ತಕದಲ್ಲಿದೆ. ಅವನ ನೂರನೇ ಮ್ಯಾಚು ನಾಲ್ಕು ವರ್ಷದ ಹಿಂದೆಯೇ ಮುಗಿದಿದೆ, ಅದನ್ನು ಅವನೇ ಊರಿಗೆಲ್ಲ ಹೇಳಿದ್ದಾನೆ.

ಉಳಿದದ್ದು ಒಂದೇ ಅರ್ಥ. ಅವನ ಜಾಗಕ್ಕೆ ಬೇರೆಯವನು ಬರುತ್ತಾನೆ. ಆ ಬೇರೆಯವನ ಜೆರ್ಸಿಯನ್ನು ಅವನ ಕೈಯಿಂದಲೇ ಹೊಲಿಸುತ್ತಿದ್ದಾರೆ. ಹನ್ನೊಂದು ವರ್ಷ ಮಂಡಿ ತರಚಿಕೊಂಡದ್ದಕ್ಕೆ ಇದು ಮರ್ಯಾದೆ. ಟೈಲರ್‌ಗೆ ನಿಜವಾಗಿ ಅಳು ಬಂತು. ಬಟ್ಟೆಯ ತುಂಡಿನಲ್ಲಿ ಮೂಗು ಒರೆಸಿಕೊಂಡು, ಅವನು ಒಂದು ತೀರ್ಮಾನಕ್ಕೆ ಬಂದ.

ಹೊಲಿಗೆಯಲ್ಲಿ ಸೇಡು ತೀರಿಸಿಕೊಳ್ಳುವುದು ಹೇಗೆಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಒಳ್ಳೆಯ ಟೈಲರ್ ಬಟ್ಟೆ ಹಾಳು ಮಾಡುವುದಿಲ್ಲ, ಹೆಸರು ಕೆಡುತ್ತದೆ. ನಮ್ಮವನು ಜಗ್ಗದ ದಪ್ಪ ಬಟ್ಟೆ ಆರಿಸಿದ. ಎದೆ, ಹೊಟ್ಟೆ, ಬೆನ್ನು, ಕಾಲರ್ ಎಲ್ಲವನ್ನೂ ಮದುವೆ ಗಂಡಿಗೆ ಹೊಲಿದಂತೆ ಹೊಲಿದ. ಕಂಕುಳಿನ ಹತ್ತಿರ ಬಂದಾಗ ಮಾತ್ರ ಕೈ ಚಳಕ ತೋರಿಸಿದ. ಅಲ್ಲಿ ಇರಬೇಕಾದ ಬಟ್ಟೆಯನ್ನು ಒಳಗೆ ಮಡಚಿ, ತೋಳನ್ನು ಕೆಳಮುಖವಾಗಿ ಕೂಡಿಸಿ, ಮೂರು ಸಾಲು ಹೊಲಿಗೆ ಹಾಕಿದ. ಕೈ ಇಳಿಬಿಟ್ಟು ನಿಂತರೆ ಮೈಗೆ ಅಚ್ಚು ಹೊಯ್ದಂತೆ ಕೂರುತ್ತದೆ. ಕೈ ಎತ್ತಿದರೆ ಭುಜದವರೆಗೂ ಬರುವುದಿಲ್ಲ. ಗೋಲ್‌ಕೀಪರ್‌ಗೆ ಇನ್ನೇನು ಬೇಕು!

ಶನಿವಾರ ಇಸ್ತ್ರಿ ಮಾಡಿ ನೇತುಹಾಕಿದಾಗ ಹೆಂಡತಿ ಬಂದಳು. ಅವಳಿಗೆ ತಮ್ಮನ ಮೂಲಕ ವಿಷಯ ಮೊದಲೇ ತಿಳಿದಿತ್ತು ಎಂದು ಓದುಗರಿಗೆ ಮಾತ್ರ ಹೇಳುತ್ತೇನೆ. ಅವಳು ಜೆರ್ಸಿಯನ್ನು ಗಂಡನ ಬೆನ್ನಿಗೆ ಹಿಡಿದು ನೋಡಿದಳು.

"ಅಯ್ಯೋ, ನಿಮಗೇ ಹೊಲಿದ ಹಾಗಿದೆ ನೋಡ್ರೀ!"

"ಏನಂದೆ?" ಟೈಲರ್ ಗರ್ರನೆ ತಿರುಗಿದ. "ಇದು ನಲವತ್ತೆರಡು. ನಂದು ಮೂವತ್ತೆರಡು!"

ಅವಳು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತು ಅಲ್ಲಿ ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಜೋರಾಗಿಯೇ ಕೇಳಿಸಿತು.

ಭಾನುವಾರ ಗಾಜಿನ ಕಾರ್ಖಾನೆಯ ತಂಡದ ಮೇಲೆ ಮ್ಯಾಚು. ಟೈಲರ್ ತನ್ನ ಹಳೆಯ ಜೆರ್ಸಿ ತೊಟ್ಟು, ಹೊಸದನ್ನು ಕಾಗದದಲ್ಲಿ ಸುತ್ತಿ ತಂದು ಪ್ಲಂಬರ್‌ನ ಕೈಗಿತ್ತ. ದಾರಿಯುದ್ದಕ್ಕೂ ಒಂದು ಭಾಷಣ ಸಿದ್ಧ ಮಾಡಿಕೊಂಡಿದ್ದ: "ಹೊಸಬರಿಗೆ ದಾರಿ ಬಿಡೋದು ದೊಡ್ಡವರ ಧರ್ಮ." ಅದನ್ನು ಹೇಳಿ, ಗೆರೆಯಾಚೆ ಕೂತು, ಸಲೂನಿನವನು ಕೈ ಎತ್ತಲು ಒದ್ದಾಡುವುದನ್ನು ಕಣ್ತುಂಬ ನೋಡಬೇಕು.

ಪ್ಲಂಬರ್ ಬಾಗಿಲು ಹಾಕಿ ಚಪ್ಪಾಳೆ ತಟ್ಟಿದ. ಪೋಸ್ಟಣ್ಣ ಕನ್ನಡಕ ಏರಿಸಿ ದಾಖಲೆ ಪುಸ್ತಕ ತೆಗೆದ.

"ನಮ್ಮ ಗೋಲ್‌ಕೀಪರ್," ಎಂದು ಓದತೊಡಗಿದ, "ಅಂದ್ರೆ ಟೈಲರ್, ಅಂದ್ರೆ ಗೋಡೆ, ಹೋದ ವಾರದವರೆಗೆ ಆಡಿದ ಮ್ಯಾಚುಗಳು ತೊಂಬತ್ತೊಂಬತ್ತು. ಇವತ್ತಿಂದು ನೂರನೇದು."

ಟೈಲರ್‌ನ ಬಾಯಿ ತೆರೆದೇ ಇತ್ತು. ಅದರೊಳಗಿದ್ದ ಭಾಷಣ ಎಲ್ಲಿ ಹೋಯಿತೋ ತಿಳಿಯದು. "ನೂರೈವತ್ತಲ್ವಾ?" ಎಂಬ ಸಣ್ಣ ದನಿ ಮಾತ್ರ ಬಂತು.

"ಜ್ವರ ಬಂದು ಮಲಗಿದ್ದೆಲ್ಲ ನಾನು ಬರ್ಕೊಳಲ್ಲಪ್ಪ" ಎಂದ ಪೋಸ್ಟಣ್ಣ.

ಅಷ್ಟರಲ್ಲಿ ನಾಲ್ಕು ಜನ ಅವನ ಹಳೆಯ ಜೆರ್ಸಿಯನ್ನು ಮೈಯಿಂದ ಕಿತ್ತಾಗಿತ್ತು. "ತಡೀರಿ, ತಡೀರಿ, ಅದನ್ನ ಹರೀಬೇಡಿ!" ಎಂದು ಅವನು ಕೂಗಿದ. ಎಷ್ಟು ಪ್ರೀತಿ ನೋಡಿ ಹಳೇ ಜೆರ್ಸಿ ಮೇಲೆ ಎಂದು ಎಲ್ಲರಿಗೂ ಕಣ್ಣು ತೇವವಾಯಿತು. ಪರ್ರೆಂದು ಹರಿದರು. ಒಬ್ಬೊಬ್ಬರ ಮುಂಗೈಯಲ್ಲೂ ಒಂದೊಂದು ಚೂರು. ಹಳದಿ ಜೆರ್ಸಿ ಅವನ ತಲೆಯ ಮೇಲಿಂದ ಇಳಿಯಿತು. ಎದೆಗೆ ಸರಿ, ಹೊಟ್ಟೆಗೆ ಸರಿ, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಅಳತೆ ತೆಗೆದದ್ದು ಯಾರು?" ಟೈಲರ್ ಕೇಳಿದ. ಕೇಳುವ ಮೊದಲೇ ಉತ್ತರ ಗೊತ್ತಾಗಿತ್ತು.

"ಇನ್ಯಾರು, ಸಲೂನ್‌ನೋರು! ನೀವು ಕುರ್ಚೀಲಿ ಗೊರಕೆ ಹೊಡೀತಿದ್ರಿ ಭಾವ, ದಾರ ಸುತ್ತಿ ತೆಗೆದ್ರು. ಹೊಟ್ಟೆ ಹತ್ರ ದಾರ ಸಾಲ್ದೆ ಇನ್ನೊಂದು ಗಂಟು ಹಾಕಿದ್ವಿ."

ಸಲೂನಿನವನು ಮೂಲೆಯಲ್ಲಿ ನಿಂತು ನಾಚಿಕೊಂಡು ನಗುತ್ತಿದ್ದ.

"ಗೋಡೆ, ಕೈ ಎತ್ತೋ! ಕೈ ಎತ್ತಿ ಎಲ್ಲರಿಗೂ ತೋರ್ಸೋ!" ಪ್ಲಂಬರ್ ಕೂಗಿದ.

"ಮೈದಾನದಲ್ಲಿ ಎತ್ತೋಣ ಬಿಡು" ಎಂದ ಟೈಲರ್.

ಅವನು ಕೈ ಎತ್ತದಿದ್ದರೇನಂತೆ, ಅವರು ಅವನನ್ನೇ ಎತ್ತಿದರು. ಹೆಗಲ ಮೇಲೆ ಹೊತ್ತುಕೊಂಡು ಮೈದಾನಕ್ಕೆ ತಂದರು. ಜನ ಚಪ್ಪಾಳೆ ಹೊಡೆದರು, ಹೆಂಡತಿ ಎದ್ದು ನಿಂತು ಕೈಬೀಸಿದಳು. ಟೈಲರ್ ಎರಡೂ ಕೈ ತೊಡೆಗೆ ಅಂಟಿಸಿಕೊಂಡು, ಕಲ್ಲಿನಂತೆ ಕೂತಿದ್ದ. ಹೊಗಳಿಕೆಗೆ ಉಬ್ಬದ ಮನುಷ್ಯ ಎಂದು ಪಕ್ಕದ ಮನೆಯ ಮೇಷ್ಟ್ರು ಮೆಚ್ಚಿಕೊಂಡರು.

ಆಟ ಶುರುವಾಗಿ ಏಳನೇ ನಿಮಿಷಕ್ಕೆ ಮೊದಲ ಚೆಂಡು ಬಂತು. ಎದೆಮಟ್ಟಕ್ಕಿಂತ ಒಂದು ಗೇಣು ಮೇಲೆ, ನೇರ ಅವನ ಕಡೆಗೆ. ಸುಮ್ಮನೆ ಕೈ ಎತ್ತಿದರೆ ಸಾಕು. ಟೈಲರ್ ಎತ್ತಿದ. ಮೂರು ಸಾಲು ಹೊಲಿಗೆ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಕಾಲು ಕಟ್ಟಿದ ಕೋಳಿಯಂತೆ ಅವನು ಅಲ್ಲೇ ಎರಡು ಸಲ ಎಗರಿದ. ಚೆಂಡು ಅವನ ಕಿವಿ ಸವರಿಕೊಂಡು ಬಲೆಗೆ ಬಿತ್ತು.

"ಇದೇನೋ ಹೊಸ ತಂತ್ರ ಇರ್ಬೇಕು" ಎಂದರು ಮೇಷ್ಟ್ರು.

ಎರಡನೇ ಚೆಂಡನ್ನು ಟೈಲರ್ ಹಣೆಯಿಂದ ತಡೆದ. ಮೂರನೆಯದನ್ನು ಮೂಗಿನಿಂದ. ನಾಲ್ಕನೆಯದು ತಲೆಗಿಂತ ಒಂದು ಗೇಣು ಎತ್ತರದಲ್ಲಿ ಬಂತು, ಅಷ್ಟು ಎತ್ತರಕ್ಕೆ ಮೂಗು ಎಟುಕಲಿಲ್ಲ. ಎರಡು ಗೋಲು. ಹೆಂಡತಿ ತಡೆಯಲಾರದೆ ಗೆರೆಯ ಹತ್ತಿರ ಓಡಿಬಂದು, "ರೀ, ಕೈ ಎತ್ರೀ!" ಎಂದು ಕೂಗಿದಳು. ಭಾವಮೈದ, "ಭಾವ, ಕೈ!" ಎಂದ. ಮೇಷ್ಟ್ರು, ಪೋಸ್ಟಣ್ಣ, ನೋಡಲು ಬಂದ ಮಕ್ಕಳು ಮರಿ, ಕೊನೆಗೆ ಕನಿಕರ ಹುಟ್ಟಿ ಎದುರು ತಂಡದವರೂ, "ಕೈ ಎತ್ರೀ, ಕೈ ಎತ್ರೀ" ಎಂದು ಒಂದೇ ದನಿಯಲ್ಲಿ ಕೂಗತೊಡಗಿದರು.

ರೆಫರಿ ನೀರಿನ ಕಚೇರಿಯ ಗುಮಾಸ್ತ, ಬಲು ನಿಯಮದ ಮನುಷ್ಯ. ಅವನು ಆಟ ನಿಲ್ಲಿಸಿ ಹತ್ತಿರ ಬಂದ.

"ಏನ್ರೀ, ನಿಮಗೆ ಕೈ ಕೆಲಸ ಮಾಡ್ತಿದ್ಯೋ ಇಲ್ವೋ?"

"ಮಾಡುತ್ತೆ ಸರ್. ಕೆಳಗೆ."

"ಕೀಪರ್‌ಗೆ ಕೈ ಮೇಲಕ್ಕೆ ಹೋಗ್ಬೇಕು ಅಂತ ನಿಯಮ ಇದೆಯಾ ನೋಡ್ಬೇಕಾಗುತ್ತೆ." ಜೇಬಿನಿಂದ ಪುಸ್ತಕ ತೆಗೆದು ಮೂರು ನಿಮಿಷ ಹುಡುಕಿದ. ಸಿಗಲಿಲ್ಲ. "ನಿಯಮ ಇಲ್ಲ. ಆಡಿ" ಎಂದು ಸೀಟಿ ಊದಿದ. ಆ ಮೂರು ನಿಮಿಷವೇ ಟೈಲರ್‌ಗೆ ಮೊದಲರ್ಧದಲ್ಲಿ ಸಿಕ್ಕ ನೆಮ್ಮದಿ.

ಹಾಫ್ ಟೈಮ್‌ನಲ್ಲಿ ಗೋಡೌನಿನೊಳಗೆ ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪ್ಲಂಬರ್ ಅವನ ಎದುರು ಮಂಡಿಯೂರಿ ಕೂತು, ಮುಂಗೈಯ ಚೂರಿನಿಂದ ಕಣ್ಣೊರೆಸಿಕೊಂಡ.

"ಭುಜ ಹೋಗಿದೆ ಅಲ್ವೇನೋ? ನಮಗೋಸ್ಕರ ಹಿಡಿದೂ ಹಿಡಿದೂ ಭುಜ ಕಳ್ಕೊಂಡ್ಯಲ್ಲೋ. ಒಂದು ಮಾತು ಹೇಳಿದ್ಯಾ? ನೂರನೇ ಮ್ಯಾಚು ಅಂತ ನೋವು ನುಂಗ್ಕೊಂಡು ನಿಂತಿದೀಯಲ್ಲೋ!"

ಯಾರೋ ಮುಲಾಮು ತಂದರು. ಇನ್ಯಾರೋ ನೀರು ಕುಡಿಸಿದರು, ಕೈ ಎತ್ತಲಾರನೆಂದು ಲೋಟವನ್ನು ಬಾಯಿಗೇ ಹಿಡಿದು. ಟೈಲರ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೌದು, ಭುಜ ನೋವು ಎಂದರೆ ಮಾನ ಉಳಿಯುತ್ತದೆ, ಆದರೆ ಗೋಲಿನ ಜಾಗ ಕೈತಪ್ಪುತ್ತದೆ. ನಿಜ ಹೇಳಿದರೆ ಗೋಲೂ ಇಲ್ಲ, ಮಾನವೂ ಇಲ್ಲ, ಬಹುಶಃ ತಂಡವೂ ಇಲ್ಲ.

"ಸಲೂನ್‌ನೋರೇ," ಎಂದ ಪ್ಲಂಬರ್ ಭಾರವಾದ ದನಿಯಲ್ಲಿ, "ಎರಡನೇ ಅರ್ಧ ನೀವು ನಿಲ್ತೀರಾ?"

ಎರಡು ವಾರದಿಂದ ಟೈಲರ್ ಯಾವ ಮಾತಿಗೆ ಹೆದರಿ ಸಾಯುತ್ತಿದ್ದನೋ ಅದೇ ಮಾತು. ಯಾರೂ ಹೂಡದ ಸಂಚನ್ನು ತಾನೇ ಕೂತು, ಮೂರು ಸಾಲು ಹೊಲಿಗೆ ಹಾಕಿ, ಇಸ್ತ್ರಿ ಮಾಡಿ ತಂದುಕೊಟ್ಟಿದ್ದ.

ಸಲೂನಿನವನು ಹತ್ತಿರ ಬಂದು ಟೈಲರ್‌ನ ಎರಡೂ ಭುಜ ಒತ್ತಿ ನೋಡಿದ. "ಭುಜಕ್ಕೆ ಏನೂ ಆಗಿಲ್ಲ. ಬುಧವಾರ ತಾನೇ ಒತ್ತಿದೀನಿ, ಕಲ್ಲಿನ ಹಾಗಿದೆ." ಕೈ ಹಿಡಿದು ನಿಧಾನವಾಗಿ ಮೇಲೆತ್ತಿದ. ಅದು ಅರ್ಧಕ್ಕೆ ನಿಂತಿತು. ಅವನ ಬೆರಳು ಕಂಕುಳ ಕೆಳಗೆ ಹೋಯಿತು, ಹೊಲಿಗೆಯ ಮೇಲೆ ಸರಿದಾಡಿತು: ಒಂದು ಸಾಲು, ಎರಡು ಸಾಲು, ಮೂರು ಸಾಲು. ಅಲ್ಲೇ ನಿಂತಿತು. ಅವನು ಟೈಲರ್‌ನ ಮುಖ ನೋಡಿದ. ಟೈಲರ್ ತನ್ನ ಬೂಟಿನ ಲೇಸು ನೋಡಿದ.

ಸಲೂನಿನವನು ಎದ್ದು, ತನ್ನ ನೀಲಿ ಚೀಲದಿಂದ ಕತ್ತರಿ ತೆಗೆದ.

"ಬಟ್ಟೆ ಹೊಸದಲ್ವಾ, ಕಂಕುಳಲ್ಲಿ ಹಿಡ್ಕೊಂಡಿದೆ, ಇನ್ನೇನಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಎಡಗಡೆ ಒಂದು ಕಚ್, ಬಲಗಡೆ ಒಂದು ಕಚ್. ಬಗ್ಗಿದವನು ಕಿವಿಯ ಹತ್ತಿರ ಮೆಲ್ಲಗೆ ಕೇಳಿದ: "ಇದನ್ನ ನನಗೆ ಅಂತ ಹೊಲಿದಿದ್ರಾ?"

"ಹೂಂ" ಎಂದ ಟೈಲರ್. ಅದಕ್ಕಿಂತ ಚಿಕ್ಕ ಮಾತು ಸಿಗಲಿಲ್ಲ.

ಸಲೂನಿನವನು ಕತ್ತರಿ ಕೆಳಗಿಳಿಸಿದ. ಅವನ ಮುಖದಲ್ಲಿ ಮೊದಲ ಸಲ ನಗು ಇರಲಿಲ್ಲ. "ನನ್ನ ಹೊಟ್ಟೆ ನಲವತ್ತೆರಡು ಅಂತ ಅನ್ಸಿತಾ ನಿಮಗೆ?" ಎಂದ, ನಿಜಕ್ಕೂ ನೊಂದುಕೊಂಡು.

ಎರಡನೇ ಅರ್ಧದಲ್ಲಿ ಟೈಲರ್ ಕೈ ಎತ್ತಿದಾಗಲೆಲ್ಲ ಎರಡೂ ಕಂಕುಳಿಂದ ಬಿಳಿ ಬನಿಯನ್ ಇಣುಕಿತು. ಅದಕ್ಕೆ ಅವನು ನಾಚಲಿಲ್ಲ. ಎಂಟು ಚೆಂಡು ಬಂದವು, ಎಂಟನ್ನೂ ಹಿಡಿದ. ಒಂದನ್ನೂ ಹೊಗಳಿಕೊಳ್ಳಲಿಲ್ಲ. ಪ್ಲಂಬರ್ ಒಂದು ಗೋಲು ಹೊಡೆದ. ಎರಡು-ಒಂದಕ್ಕೆ ಸೋತರು. ಸೋತರೂ ನೂರನೇ ಮ್ಯಾಚಿನವನನ್ನು ಮತ್ತೆ ಹೊತ್ತು ಕುಣಿದರು. ಈ ಸಲ ಅವನು ಎರಡೂ ಕೈ ಮೇಲೆತ್ತಲೇಬೇಕಾಯಿತು. ಆ ಎರಡು ಗೋಲಿಗೆ ಕಾರಣ ಯಾರೆಂದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಮನೆಗೆ ಹೋಗಿ ಕತ್ತರಿಸಿದ ಹೊಲಿಗೆಯನ್ನು ಹೆಂಡತಿ ಬೆಳಕಿಗೆ ಹಿಡಿದು ನೋಡಿದ ಮೇಲೆ ಮೂವರಿಗೆ. ಅವಳು ಒಂದೇ ಮಾತು ಹೇಳಿದಳು: "ನಾಳೆ ಅವರನ್ನ ಅಂಗಡಿಗೆ ಕರೀರಿ."

ಸೋಮವಾರ ಸಲೂನಿನವನು ಬಂದ. ಹನ್ನೆರಡನೇ ನಂಬರ್ ಜೆರ್ಸಿಗೆ ಅಳತೆ ಕೊಡಬೇಕಿತ್ತು. ಬಿಳಿ ಕೋಟು ಬಿಚ್ಚಿ ಕುರ್ಚಿಯ ಮೇಲಿಟ್ಟು, ಕೈ ಅಗಲಿಸಿ ನಿಂತ.

"ಗೋಲಲ್ಲಿ ನಿಲ್ಲೋ ಆಸೆ ಏನಾದ್ರೂ ಇದ್ಯಾ ನಿಮಗೆ? ಇದ್ರೆ ಈಗಲೇ ಹೇಳ್ಬಿಡಿ" ಎಂದ ಟೈಲರ್, ಟೇಪು ಬಿಡಿಸುತ್ತಾ.

"ಅಯ್ಯೋ, ಬೇಡಪ್ಪ. ದಿನವಿಡೀ ಒಂದೇ ಕಡೆ ನಿಂತು ಸಾಕಾಗಿರುತ್ತೆ. ಭಾನುವಾರನೂ ನಿಲ್ಲೋದಾ? ನಾನು ಓಡೋಕೆ ಬಂದಿದ್ದು."

ಎದೆಗೆ ಟೇಪು ಸುತ್ತಿದ. ಮೂವತ್ತೆಂಟು. ಸೊಂಟಕ್ಕೆ ಸುತ್ತಿದ. ಮೂವತ್ತೆರಡು. ಟೇಪು ತಿರುಚಿಕೊಂಡಿರಬೇಕೆಂದು ಬಿಡಿಸಿ ಮತ್ತೆ ಸುತ್ತಿದ. ಮೂವತ್ತೆರಡೇ.

"ಉಸಿರು ಬಿಡಿ" ಎಂದ.

"ಬಿಟ್ಟೇ ನಿಂತಿದೀನಿ."

ಸಲೂನಿನವನು ಹೋದ ಮೇಲೆ ಟೈಲರ್ ಅಳತೆ ಪುಸ್ತಕ ತೆರೆದ. ಹೊಸ ಪುಟಕ್ಕೆ ಹೋಗಬೇಕಾಗಿದ್ದವನು ಮೊದಲನೇ ಪುಟಕ್ಕೆ ಹೋದ. ಎದೆ ಮೂವತ್ತೆಂಟು, ಸೊಂಟ ಮೂವತ್ತೆರಡು. ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಪೆನ್ಸಿಲ್ ತೆಗೆದು, ಅಳತೆಯನ್ನು ಹಾಗೇ ಬಿಟ್ಟು, ಮೇಲಿದ್ದ ತನ್ನ ಹೆಸರನ್ನು ಹೊಡೆದು, 'ಸಲೂನ್' ಎಂದು ಬರೆದ. ಪುಸ್ತಕದ ಕೊನೆಯಲ್ಲಿ ಒಂದು ಖಾಲಿ ಪುಟ ಹುಡುಕಿ ಆ ದುಂಡಕ್ಷರದ ಚೀಟಿಯನ್ನು ಅಂಟಿಸಿದ.

ಬಟ್ಟೆ ಹಾಸಿ ಗೆರೆ ಹಾಕಿದ. ಕತ್ತರಿ ಕಂಕುಳಿನ ಹತ್ತಿರ ಬಂದಾಗ ತಾನಾಗಿ ನಿಂತಿತು. ಮೂವತ್ತೆರಡು, ಅದೂ ಉಸಿರು ಬಿಟ್ಟು! ಹೊಟ್ಟೆ ಇನ್ನೂ ಉರಿಯುತ್ತಿತ್ತು. ಉರಿಯಲಿ ಎಂದುಕೊಂಡು, ಅಲ್ಲಿ ಒಂದಿಂಚು ಬಟ್ಟೆ ಹೆಚ್ಚಿಗೇ ಬಿಟ್ಟು ಕತ್ತರಿಸಿದ.